ರೇಣವ್ವನ ಹುಲ್ಲಿನ ಗಂಡ

ಹಲಸಿಯ ಮಗ್ಗುಲಿನ ಹಟ್ಟಿಯ ರೇಣವ್ವ ಕಳೆದ ಆರು ವರ್ಷಗಳಲ್ಲಿ ಹನ್ನೊಂದು ಸಲ ವಿಧವೆಯಾಗಿದ್ದಾಳೆ. ನಾಲ್ಕು ಸಲ ಅವಳ ಮನೆ ಸುಟ್ಟಿದೆ. ಎರಡು ಸಲ ಗಂಟುಮೂಟೆ ಕಟ್ಟಿಕೊಂಡು ದೇಶ ಬಿಟ್ಟು ಓಡಿದ್ದಾಳೆ. ಒಮ್ಮೆ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಹೊಟ್ಟೆಗೆ ತಲೆದಿಂಬು ಕಟ್ಟಿಕೊಂಡು ತುಂಬಿದ ಬಸುರಿಯೂ ಆಗಿದ್ದಳು. ಇಷ್ಟೆಲ್ಲ ಆದರೂ ಸಂಜೆ ಏಳರೊಳಗೆ ಮನೆ ಮುಟ್ಟಿ ರೊಟ್ಟಿ ಬಡಿಯುತ್ತಾಳೆ. ಆ ರೊಟ್ಟಿಯನ್ನು ಅವಳ ಗಂಡ ಸತ್ಯಪ್ಪ ಕೂತು ತಿನ್ನುತ್ತಾನೆ. ಹನ್ನೊಂದು ಸಲ ಸತ್ತವನ ಹಸಿವೆಯೂ ದೊಡ್ಡದೇ ಇರುತ್ತದೆ.

ವಿಷಯ ಇಷ್ಟೆ. ಬೆಳಗಾವಿ ಊರು ದಾಟಿ, ಹಿಂಡಲಗಾ ದಾಟಿ ಹೋದರೆ ಒಂದು ತರಬೇತಿ ಮೈದಾನವಿದೆ. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಪರದೇಶದಲ್ಲಿ ಶಾಂತಿ ಕಾಯಲು ಹೋಗುವ ಪೊಲೀಸರಿಗೆ, ಹೆಣ್ಣು ಗಂಡು ಎಲ್ಲರಿಗೂ, ಅಲ್ಲಿ ಮೂರು ವಾರ ಪಾಠ. ಕೊನೆಯ ವಾರ ಮೈದಾನದಲ್ಲಿ ತಟ್ಟಿಯ ಗುಡಿಸಲು ಹಾಕಿ ಒಂದು ಸುಳ್ಳು ಹಳ್ಳಿ ಕಟ್ಟುತ್ತಾರೆ. ದೇಶದ ಹೆಸರು ಮಲಾಂಗೋ. ಅದು ಭೂಪಟದಲ್ಲಿ ಎಲ್ಲಿಯೂ ಇಲ್ಲ, ಆದರೆ ಅಲ್ಲಿ ವರ್ಷಕ್ಕೆ ಎರಡು ಸಲ ಯುದ್ಧ ತಪ್ಪುವುದಿಲ್ಲ. ಆ ಹಳ್ಳಿಗೆ ಜನ ಬೇಕಲ್ಲ? ಅದಕ್ಕೆ ಬೆಳಿಗ್ಗೆ ಆರಕ್ಕೆ ಹಲಸಿಯ ಗುಡಿಯ ಮುಂದೆ ಒಂದು ವ್ಯಾನು ಬಂದು ನಿಲ್ಲುತ್ತದೆ. ಹನ್ನೆರಡು ಹೆಂಗಸರು ಹತ್ತುತ್ತಾರೆ, ಖಾನಾಪುರದಲ್ಲಿ ಚಹಾ ಕುಡಿಯುತ್ತಾರೆ, ಹತ್ತು ಗಂಟೆಗೆಲ್ಲ ಮಲಾಂಗೋದ ಪ್ರಜೆಗಳಾಗಿರುತ್ತಾರೆ.

ಮಲಾಂಗೋದ ಮೇಲೆ ರೇಣವ್ವನಿಗೆ ಖರೆಯಾದ ಪ್ರೀತಿ ಹುಟ್ಟಿಬಿಟ್ಟಿತ್ತು. ಮೃಗಶಿರ ಮಳೆ ತಡವಾದರೆ, ಪಾಪ, ಅಲ್ಲಿ ಏನಾಗಿದೆಯೋ ಎಂದು ಹಟ್ಟಿಯಲ್ಲಿ ಕೂತು ಚಿಂತೆ ಮಾಡುತ್ತಿದ್ದಳು.

ಪಾಠ ಹೇಳುವವರು ನೆಹರು ನಗರದ ನಾಗರತ್ನಾ ಮೇಡಂ. ಅವರ ಪಾಠದ ತಿರುಳು ರೇಣವ್ವನಿಗೆ ಬಾಯಿಪಾಠ. ಯುದ್ಧವಾದ ಊರಿಗೆ ಹೋದಾಗ ಗಂಡಸರು ಬಂದೂಕು ಎಣಿಸುತ್ತ ಕೂರುತ್ತಾರೆ. ಯಾವ ಬಾವಿಯ ದಾರಿಯಲ್ಲಿ ಹೆಂಗಸರು ಹೋಗುವುದನ್ನು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂಬುದು ಹೆಂಗಸರಿಗೇ ಗೊತ್ತು. ಅದನ್ನು ಅವರನ್ನೇ ಕೇಳಬೇಕು. ನಿಂತು ಕೇಳಬಾರದು, ಕೂತು ಕೇಳಬೇಕು. ಗಂಡನಿಂದ ದೂರ ಕೂರಿಸಿ ಕೇಳಬೇಕು, ಇಲ್ಲದಿದ್ದರೆ ಉತ್ತರ ಅವನೇ ಹೇಳಿಬಿಡುತ್ತಾನೆ. ಕೇಳಿ ಮುಗಿದ ಮೇಲೆ ಸುಮ್ಮನಿರಬೇಕು, ಯಾಕೆಂದರೆ ಖರೆ ಮಾತು ತಡವಾಗಿ ಬರುತ್ತದೆ. ಒಮ್ಮೆ ಮೇಡಂಗೆ ಗಂಟಲು ಕಟ್ಟಿದ್ದಾಗ, ನಾನೇ ಹೇಳಲೇನ್ರಿ ಎಂದು ರೇಣವ್ವ ಎದ್ದು ನಿಂತಿದ್ದಳು. ಮೇಡಂ ಒಂದು ಗಳಿಗೆ ಯೋಚನೆಯನ್ನೂ ಮಾಡಿದ್ದರು.

ಆ ಕೆಲಸವೆಂದರೆ ಅವಳಿಗೆ ಜೀವ. ಕಾರಣ ಅವಳು ಯಾರಿಗೂ ಹೇಳಿರಲಿಲ್ಲ. ಅಲ್ಲಿ ಅವಳನ್ನು ಕೇಳುತ್ತಿದ್ದರು. ಅಸ್ಸಾಮಿನ ಹುಡುಗಿ, ಪಂಜಾಬಿನ ಎತ್ತರದ ಇನ್ಸ್‌ಪೆಕ್ಟರ್, ಯಾರೋ ಒಬ್ಬರು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ದುಭಾಷಿಯನ್ನು ಬಾಜೂಕ ಕೂರಿಸಿಕೊಂಡು, ನಿಮಗೆ ಯಾವುದರ ಅಂಜಿಕೆ ಇದೆ, ನಿಮಗೆ ಏನು ಬೇಕು ಎಂದು ಕೇಳುತ್ತಿದ್ದರು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಹಟ್ಟಿಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳಿದ್ದರು, ಕುರಿ ಎಷ್ಟು ಹೋಯಿತು ಎಂದು ಕೇಳಿದ್ದರು. ಮೈದಾನದಲ್ಲಿ ಅವಳು ಹೇಳುವ ಉತ್ತರ ಮೇಡಂ ಬರೆದುಕೊಟ್ಟದ್ದೇ ಇರಲಿ, ಕೇಳುವ ಪ್ರಶ್ನೆ ಮಾತ್ರ ಅವಳಿಗೇ ಕೇಳಿದ್ದಾಗಿತ್ತು.

ತಕರಾರು ಹುಟ್ಟಿದ್ದು ವಿಧವೆಯ ಪಾತ್ರದಿಂದ. ಮೊದಲ ಸಲವೇ ಅವಳು ಕುಂಕುಮ ಅಳಿಸುವುದಿಲ್ಲ, ಬಳೆ ತೆಗೆಯುವುದಿಲ್ಲ ಎಂದು ಹಟ ಹಿಡಿದಳು. ಮಲಾಂಗೋದ ವಿಧವೆಯರು ಹೇಗಿರುತ್ತಾರೋ ಯಾರಿಗೆ ಗೊತ್ತು ಎಂದು ಮೇಡಂ ಸೋತರು. ಆದರೂ ರೇಣವ್ವನ ಮನಸ್ಸಿಗೆ ಸಮಾಧಾನವಿಲ್ಲ. ಮೂರನೆಯ ಸಲ ಅವಳು ಗಂಡ ಸತ್ತನೆಂದು ಅತ್ತು ಬಂದ ಮರುದಿನ ಸತ್ಯಪ್ಪನಿಗೆ ಎಂಟು ದಿನದ ಕೆಮ್ಮು ಹತ್ತಿತು. ನಾಲ್ಕನೆಯ ಸಲ ಟಗರು ಅವನ ಕಾಲು ತುಳಿಯಿತು. ಸುಳ್ಳು ಸಾವಾದರೂ ಎಲ್ಲೋ ಖರೆಯ ಲೆಕ್ಕಕ್ಕೆ ಸೇರುತ್ತಿದೆ ಎಂದು ಅವಳಿಗೆ ಅನುಮಾನ ಬಂತು. ಮೇಲೆ ಫಾರ್ಮಿನಲ್ಲಿ ಸತ್ತ ಗಂಡನ ಹೆಸರು ಬೇರೆ ಕೇಳುತ್ತಿದ್ದರು. ಗಂಡನ ಹೆಸರನ್ನು ರೇಣವ್ವ ತನ್ನ ಜನ್ಮದಲ್ಲಿ ಸುಮ್ಮಸುಮ್ಮನೆ ಉಚ್ಚರಿಸಿದವಳಲ್ಲ. ಅವರ ಕಡೆ ಗಟ್ಟಿಗಿತ್ತಿಯರೂ ಅದನ್ನು ಮದುವೆ ಮುಂಜಿಯಲ್ಲಿ ಹಾಡಿನ ಸಾಲಿನೊಳಗೆ ಸಿಕ್ಕಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ. ಒಡಪಿಲ್ಲದೆ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಸತ್ತವರ ಪಟ್ಟಿಯಲ್ಲಿ ಬರೆಸಲು ಹೇಳುವುದೆಂದರೆ ಕೇಳಲೇಬೇಡಿ.

ಅದಕ್ಕೆ ಅವಳೊಂದು ಉಪಾಯ ಮಾಡಿದಳು. ಸಾಯುವುದಕ್ಕೆಂದೇ ಬೇರೆ ಒಬ್ಬ ಗಂಡನನ್ನು ಇಟ್ಟುಕೊಂಡಳು. ಅವನ ಹೆಸರು ಸೋಮಲಿಂಗ.

ಸೋಮಲಿಂಗ ಮೊದಮೊದಲು ಬರೀ ಹೆಸರಾಗಿದ್ದ. ಆದರೆ ತರಬೇತಿಯ ಹುಡುಗಿಯರು ಬಿಡಬೇಕಲ್ಲ, ಅವರು ಎಂಥ ಮನುಷ್ಯರಾಗಿದ್ದರು ಎಂದು ಕೇಳುತ್ತಿದ್ದರು. ರೇಣವ್ವ ಒಂದೊಂದೇ ಗುಣ ಸೇರಿಸುತ್ತ ಹೋದಳು. ಐದನೆಯ ಬ್ಯಾಚಿಗೆ ಸೋಮಲಿಂಗ ತಂಬಾಕು ಬಿಟ್ಟ. ಏಳನೆಯದಕ್ಕೆ ತಾನೇ ಕೊಡ ಹೊತ್ತು ನೀರು ತಂದ. ಒಂಬತ್ತನೆಯದಕ್ಕೆ ಹೆಂಡತಿಯ ಕಾಲು ನೋಯುತ್ತದೆಂದು ತಿಳಿದು ಎಣ್ಣೆ ಕಾಯಿಸಿಕೊಟ್ಟ. ಹನ್ನೊಂದನೆಯ ಬ್ಯಾಚಿನ ಹೊತ್ತಿಗೆ ಅವನು ಎಂಥವನಾಗಿದ್ದನೆಂದರೆ, ಟಗರು ಮಾರುವ ಮೊದಲು ಒಳಗೆ ಬಂದು, ರೇಣವ್ವಾ, ಮಾರೂಣೋ ಬ್ಯಾಡೋ ಎಂದು ಕೇಳುತ್ತಿದ್ದ. ಅಂಥ ಗಂಡಸು ಇಡೀ ಖಾನಾಪುರ ತಾಲೂಕಿನಲ್ಲಿ ಹುಟ್ಟಿರಲಿಕ್ಕಿಲ್ಲ. ಅವನಿಗಾಗಿ ಅವಳು ಅಳುವುದನ್ನು ನೋಡಿ ಒಬ್ಬ ಜಮಾದಾರ ಕಣ್ಣೊರೆಸಿಕೊಂಡಿದ್ದ.

ಇದನ್ನೆಲ್ಲ ಪಕ್ಕದ ಗುಡಿಸಲಿನಲ್ಲಿ ಕೂತು ಕೇಳಿದವಳು ಸಾತವ್ವ. ಅವಳು ಸತ್ಯಪ್ಪನ ದೊಡ್ಡಪ್ಪನ ಮಗಳು, ಅದೇ ಹಟ್ಟಿಯವಳು, ಅದೇ ವ್ಯಾನಿನವಳು. ಬಾಯಿ ಎಂಥದ್ದೆಂದರೆ ಅವಳಿಗೆ ಹೇಳಿದ ಗುಟ್ಟು ನಂದಗಡದ ಸಂತೆಗೆ ಅವಳಿಗಿಂತ ಮೊದಲು ಹೋಗಿ ನಿಂತಿರುತ್ತದೆ. ಅವಳು ಸತ್ಯಪ್ಪನಿಗೆ, ನಿನ್ನ ಹೆಂಡತಿ ಬೆಳಗಾವಿಯಲ್ಲಿ ಸೋಮಲಿಂಗ ಎಂಬವನಿಗಾಗಿ ಎದೆ ಬಡಿದುಕೊಂಡು ಅಳುತ್ತಾಳೆ, ಅವನು ಟಗರು ಮಾರುವಾಗ ಅವಳನ್ನು ಕೇಳುತ್ತಿದ್ದನಂತೆ ಎಂದಷ್ಟೇ ಹೇಳಿದಳು. ಅವನು ಹುಟ್ಟಿಯೇ ಇಲ್ಲ ಎಂಬ ಸಣ್ಣ ಸಂಗತಿಯನ್ನು ಹೇಳಲು ಮರೆತಳು.

ಸತ್ಯಪ್ಪನಿಗೆ ಉರಿ ಹತ್ತಿತು. ಹೋದ ವರ್ಷವಷ್ಟೇ ಅವನು ರೇಣವ್ವ ಕೈತುತ್ತು ಹಾಕಿ ಸಾಕಿದ ಕರಿಗಿವಿಯ ಟಗರನ್ನು, ಅವಳು ನೀರಿಗೆ ಹೋದಾಗ, ಮಾರಿಬಿಟ್ಟಿದ್ದ. ಈಗ ಈ ಸೋಮಲಿಂಗನೆಂಬುವನು ಬಂದು ತನಗೆ ಬುದ್ಧಿ ಕಲಿಸುತ್ತಿದ್ದಾನೆಯೇ? ಯಾರವ ಎಂದು ಹೆಂಡತಿಯನ್ನು ಕೇಳಿದ. ಸತ್ತವರ ಮಾತು ಯಾಕೆ ಬಿಡ್ರಿ ಎಂದಳು ರೇಣವ್ವ. ಅದು ಇನ್ನೂ ಕೆಟ್ಟಿತು. ಇನ್ನೊಂದು ಸಲ ಅಲ್ಲಿ ಯಾರಿಗಾದರೂ ಅತ್ತರೆ ವ್ಯಾನು ಹತ್ತುವುದು ಬಂದ್ ಎಂದು ಸತ್ಯಪ್ಪ ಹುಕುಂ ಮಾಡಿದ.

ಅವಳು ಹೂಂ ಎಂದಳು. ಆದರೆ ಮುಂದಿನ ಬುಧವಾರ ಹನ್ನೆರಡನೆಯ ಬ್ಯಾಚಿನ ಪರೀಕ್ಷೆ ಇತ್ತು, ದಿಲ್ಲಿಯಿಂದ ದೊಡ್ಡ ಸಾಹೇಬರು ಅಂಕ ಹಾಕಲು ಬರುವವರಿದ್ದರು, ಮತ್ತು ಅವಳ ಪಾತ್ರ ಮತ್ತೆ ವಿಧವೆಯದೇ. ಮೇಡಂ ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಸೀಟಿ ಊದುವ ಮೊದಲೇ ಪಾತ್ರ ಬಿಟ್ಟು ಹೊರಗೆ ಬಂದವರಿಗೆ ಮತ್ತೆ ಕರೆಯಿಲ್ಲ. ಹಿಂದಿನ ಸಲ ಪರೀಕ್ಷೆಯಲ್ಲಿ ಹೆಣದ ಮುಂದೆ ನಕ್ಕ ಪ್ರಮಿಳಾ ಎಂಬವಳ ಹೆಸರು ಪಟ್ಟಿಯಿಂದ ಹೋಗಿತ್ತು. ರೇಣವ್ವ ನಸುಕಿನಲ್ಲಿ ಎದ್ದು, ಗಂಡ ಕುರಿ ಬಿಡುವ ಮೊದಲೇ ವ್ಯಾನು ಹತ್ತಿದಳು.

ಆ ದಿನದ ಕಥೆ ಹೀಗಿತ್ತು. ಹೊಳೆಯಾಚೆಯ ಊರಿನವರು ರೇಣವ್ವನ ಗಂಡನನ್ನು ಕೊಂದಿದ್ದಾರೆ. ಅದರ ಸೇಡಿಗೆ ಈಚೆಯವರು ಸಂಜೆ ನಾಲ್ಕಕ್ಕೆ ಹೊಳೆ ದಾಟಿ ದಾಳಿ ಮಾಡುತ್ತಾರೆ. ಶಾಂತಿಪಾಲಕರು ಹೆಂಗಸರನ್ನು ಮಾತಾಡಿಸಿ, ದಾಳಿಯ ಸುಳಿವು ಹಿಡಿದು, ನಾಲ್ಕರೊಳಗೆ ಅದನ್ನು ತಪ್ಪಿಸಬೇಕು. ಗುಡಿಸಲಿನ ಮುಂದೆ ಕಂಬಳಿ ಸುತ್ತಿದ ಹುಲ್ಲಿನ ಹೆಣ ಮಲಗಿತ್ತು, ಎದೆಯ ಮೇಲೆ ‘ಸೋಮಲಿಂಗ’ ಎಂದು ಚೀಟಿ. ಸಾತವ್ವನಿಗೆ ಈ ಸಲ ಮೂಗಿಯ ಪಾತ್ರ. ಇದು ಮೇಡಂ ಬೇಕೆಂದೇ ಕೊಟ್ಟದ್ದು ಎಂದು ಉಳಿದ ಹತ್ತು ಹೆಂಗಸರ ಅಭಿಪ್ರಾಯ.

ಹತ್ತೂವರೆಗೆ ಸತ್ಯಪ್ಪ ಗೇಟಿಗೆ ಬಂದ. ಬಸ್ಸಿನ ಮೇಲೆ ಬಸ್ಸು ಬದಲಿಸಿ, ಹೆಗಲಿಗೆ ಕಂಬಳಿ, ಕೈಯಲ್ಲಿ ಬಡಿಗೆ ಹಿಡಿದು ಬಂದಿದ್ದ. ನಾನು ರೇಣವ್ವನ ಗಂಡ ಎಂದ. ಕಾವಲುಗಾರ ಕೈಯಲ್ಲಿದ್ದ ಪಟ್ಟಿಯ ಮೇಲೆ ಬೆರಳಾಡಿಸಿ ಹುಡುಕಿದ.

“ರೇಣವ್ವನ ಗಂಡ, ಹೆಣ ಅಂತ ಬರದಾರ ನೋಡ್ರಿ ಇಲ್ಲೆ. ಭಾಳ ತಡಾ ಮಾಡೀರಿ. ಲಗೂನ ಹೋಗಿ ಮಲಗ್ರಿ,” ಎಂದು ಎದೆಗೆ ಹಳದಿ ಬಿಲ್ಲೆ ಸಿಕ್ಕಿಸಿ ಒಳಗೆ ಬಿಟ್ಟ.

ಒಳಗೆ ಬಂದವನಿಗೆ ಕಂಡದ್ದು, ಕಂಬಳಿ ಹೊದ್ದು ಮಲಗಿದ ಯಾವನನ್ನೋ ತಬ್ಬಿಕೊಂಡು, ನನ್ನ ಕೇಳದ ಒಂದ ಕುರೀನೂ ಮಾರಲಿಲ್ಲೋ ನನ್ನಪ್ಪಾ ಎಂದು ಸ್ವರವೆತ್ತಿ ಅಳುತ್ತಿರುವ ತನ್ನ ಹೆಂಡತಿ. ನಾಲ್ಕನೆಯ ಇಯತ್ತೆ ಕಲಿತವನಾದ್ದರಿಂದ ಚೀಟಿಯನ್ನೂ ಓದಿದ. ಆಮೇಲೆ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಏಳಲೇ ಸೋಮ್ಯಾ ಎಂದು ಬಡಿಗೆ ಬೀಸಿ ಹೆಣಕ್ಕೆ ನಾಲ್ಕು ಬಿಗಿದ. ಹೆಣದ ಹೊಟ್ಟೆಯೊಡೆದು ಹುಲ್ಲು ಹಾರಿತು.

ಸತ್ತವನನ್ನೂ ಹೊಡೆಯಲು ಬಂದ ಈ ಮೀಸೆಯವನು ಹೊಳೆಯಾಚೆಯ ಕೊಲೆಗಡುಕನೇ ಇರಬೇಕು ಎಂದು ತರಬೇತಿಯ ಆರು ಜನ ಅರ್ಧ ನಿಮಿಷದಲ್ಲಿ ಅವನನ್ನು ಹಿಡಿದರು. ದಿಲ್ಲಿಯ ಸಾಹೇಬರು ಗಡಿಯಾರ ನೋಡಿ, ಭೇಷ್ ಎಂದು ಬರೆದುಕೊಂಡರು. ಇವನು ತನ್ನ ಕಥೆಯೊಳಗಿನವನಲ್ಲ ಎಂದು ನಾಗರತ್ನಾ ಮೇಡಂಗೆ ಗೊತ್ತಾಯಿತು. ಆದರೆ ಸಾಹೇಬರೇ ಭೇಷ್ ಎಂದ ಮೇಲೆ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವರು ಸೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಸುಮ್ಮನೆ ನಿಂತರು.

ಹಗ್ಗ ಕಟ್ಟಿದ ಜಾಗದೊಳಗೆ ಕೂತ ಸತ್ಯಪ್ಪ, ನಾನು ಅವಳ ಗಂಡ ಎಂದು ಕೂಗುತ್ತಿದ್ದ. ಅವಳ ಗಂಡ ಸತ್ತಿದ್ದಾನೆ ಎಂದು ಹಿಡಿದವರು ಹೊಡೆಸಿಕೊಂಡ ಹೆಣ ತೋರಿಸುತ್ತಿದ್ದರು. ಪಂಜಾಬಿನವನೊಬ್ಬ ದುಭಾಷಿ ವಿನಯನನ್ನು ಕರೆದುಕೊಂಡು ರೇಣವ್ವನ ತಲೆಯ ಮೇಲೆ ನಿಂತು, ಇವನು ಯಾರು, ಹೆಸರು ಹೇಳಿ ಎಂದು ಕೇಳಿದ. ಒಂದು ಸಲವಲ್ಲ, ಹತ್ತು ಸಲ ಕೇಳಿದ. ರೇಣವ್ವ ಸೆರಗು ಬಾಯಿಗಿಟ್ಟುಕೊಂಡಳು. ನನ್ನ ಗಂಡ, ಇದು ನಾಟಕ ಎಂದರೆ ಪಾತ್ರ ಬಿಟ್ಟಂತೆ, ಕೆಲಸ ಹೋದಂತೆ. ಸುಮ್ಮನಿದ್ದರೆ ಕಟ್ಟಿಕೊಂಡ ಗಂಡ ಬಿಸಿಲಿನಲ್ಲಿ ಕಳ್ಳನಂತೆ ಕೂತಿರುತ್ತಾನೆ. ಹೆಸರಂತೂ ಬಾಯಿಂದ ಬರುವುದಿಲ್ಲ. ಅವನ ಹೆಸರನ್ನು ಧಾರಾಳವಾಗಿ ಹೇಳಬಲ್ಲವಳು ಅಲ್ಲಿ ಒಬ್ಬಳೇ ಇದ್ದಳು, ಅವನಿಗೆ ಅಕ್ಕನಾಗಬೇಕಾದ ಸಾತವ್ವ. ರೇಣವ್ವ ಅವಳ ಕಡೆ ನೋಡಿದಳು. ಸಾತವ್ವ ಜನ್ಮದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿದ್ದಳು. ಸಿಕ್ಕ ಪಾತ್ರವನ್ನು ಕೆಡಿಸಿಕೊಳ್ಳುವ ಮನಸ್ಸು ಅವಳಿಗೂ ಇರಲಿಲ್ಲ. ಬ್ಯಾ ಬ್ಯಾ ಎಂದು ಕೈ ಆಡಿಸಿದಳು, ಅಷ್ಟೆ.

ಆಗ ಮುಂದೆ ಬಂದವಳು ಸಮೃದ್ಧಿ. ಬೆಳಗಾವಿಯ ಲಿಂಗಾಯತರ ಹುಡುಗಿ, ಸಬ್‌ಇನ್ಸ್‌ಪೆಕ್ಟರ್, ಈ ಬ್ಯಾಚಿನಲ್ಲಿ ಅದುವರೆಗೂ ಹೆಚ್ಚು ಮಾತಾಡದವಳು. ಅವಳು ಗಂಡಸರನ್ನೆಲ್ಲ ದೂರ ಕಳಿಸಿ ರೇಣವ್ವನ ಎದುರಿಗೆ ನೆಲದ ಮೇಲೆ ಕೂತಳು. ಸೆರಗು ಬಾಯಿಗಿಟ್ಟುಕೊಂಡವಳನ್ನು ನೋಡಿ ಅವಳಿಗೆ ತನ್ನ ಅಜ್ಜಿ ನೆನಪಾದಳು. ಆ ಅಜ್ಜಿ ಸಾಯುವವರೆಗೂ ಅಜ್ಜನ ಹೆಸರು ಹೇಳಿರಲಿಲ್ಲ. ರೇಷನ್ ಕಾರ್ಡು ಮಾಡಿಸುವ ದಿನ ಕಚೇರಿಯಲ್ಲಿ ಅರ್ಧ ತಾಸು ಗದ್ದಲವಾಗಿತ್ತು.

“ಅಕ್ಕಾರ, ಹೆಸರ ಹೇಳೂದ ಬ್ಯಾಡ್ರಿ,” ಎಂದಳು ಸಮೃದ್ಧಿ. “ಒಂದ ಒಡಪು ಹಾಕ್ರಿ, ಸಾಕು.”

ರೇಣವ್ವ ಅವಳ ಮುಖ ನೋಡಿದಳು. ಹನ್ನೆರಡು ಬ್ಯಾಚುಗಳಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಒಡಪು ಹಾಡಿದರೆ ಗಂಡನ ಆಯುಷ್ಯಕ್ಕೂ ಕುತ್ತಿಲ್ಲ, ಪಾತ್ರವೂ ಕೆಡುವುದಿಲ್ಲ. ಮಲಾಂಗೋದ ಹೆಂಗಸು ಒಡಪು ಹಾಡಬಾರದೆಂದು ಎಲ್ಲಿ ಬರೆದಿದೆ? ಅವಳು ಸೆರಗು ಸರಿಮಾಡಿಕೊಂಡು, ಮದುವೆಯ ಹಂದರದಲ್ಲಿ ನಿಂತವಳಂತೆ ಗಂಟಲು ತೆರೆದಳು:

“ಹಲಸಿ ಗುಡಿ ಮುಂದ ಹುಣಚಿ ಗಿಡ, ಗಿಡದ ಬುಡಕ ಕಟ್ಟಿ,
ಹನ್ನೊಂದ ಸಲ ಸತ್ತ ಬಂದರೂ ಜೀವ ಭಾಳ ಗಟ್ಟಿ,
ಬಡಿಗಿ ಹಿಡದ ಬಂದ ನಿಂತಾರ, ಹಸದಿರಬೇಕ ಹೊಟ್ಟಿ,
ಸತ್ಯಪ್ಪನವರ ಹೆಸರ ಹೇಳತೇನಿ, ಬಡಸ್ರಿ ನಾಕ ರೊಟ್ಟಿ.”

ಹಗ್ಗದ ಒಳಗಿದ್ದ ಸತ್ಯಪ್ಪ ಕೂಗುವುದನ್ನು ನಿಲ್ಲಿಸಿದ. ಅವಳ ಬಾಯಲ್ಲಿ ತನ್ನ ಹೆಸರನ್ನು ಅವನು ಕೇಳಿದ್ದು ಮದುವೆಯ ದಿನ, ಆಮೇಲೆ ಈಗ.

ಹಾಗಾದರೆ ಸೋಮಲಿಂಗ ಯಾರು ಎಂದು ಸಮೃದ್ಧಿ ಕೇಳಿದಳು. ಅಂವ ಹುಲ್ಲಿನಂವ ರೀ, ನಮ್ಮವರ ಹೆಸರ ಹೇಳಾಕ ಬರೂದಿಲ್ಲಂತ ಅವನ ಹೆಸರ ಹೇಳಿದ್ದೆ ಎಂದಳು ರೇಣವ್ವ. ಅದೂ ಖರೆಯೇ ಆಗಿತ್ತು. ಸಮೃದ್ಧಿ ವರದಿ ಬರೆದಳು: ಈ ಊರಿನ ಹೆಂಗಸರು ಗಂಡಂದಿರ ಹೆಸರು ಹೇಳುವುದಿಲ್ಲ. ಆದ್ದರಿಂದ ಈವರೆಗಿನ ಸತ್ತವರ ಪಟ್ಟಿಗಳೆಲ್ಲ ತಪ್ಪು. ಈ ಹೆಂಗಸಿನ ಗಂಡ ಜೀವಂತವಿದ್ದಾನೆ. ಕೊಲೆಯೇ ಆಗಿಲ್ಲದ ಮೇಲೆ ಸೇಡಿಗೆ ಕಾರಣವಿಲ್ಲ, ಸೇಡಿಲ್ಲದ ಮೇಲೆ ದಾಳಿಯಿಲ್ಲ.

ಸಂಜೆ ನಾಲ್ಕಕ್ಕೆ ಮುಗಿಯಬೇಕಾಗಿದ್ದ ಮಲಾಂಗೋದ ಯುದ್ಧ ಹನ್ನೊಂದೂಕಾಲಿಗೆ ಮುಗಿದುಹೋಯಿತು. ಅಡುಗೆಯವರು ಇನ್ನೂ ಅಕ್ಕಿ ತೊಳೆದಿರಲಿಲ್ಲ. ಹೊಳೆ ದಾಟಿ ದಾಳಿ ಮಾಡಲು ಕಾದು ಕೂತಿದ್ದ ಇಪ್ಪತ್ತು ಜನ ಮುಂದೇನು ಮಾಡಬೇಕೆಂದು ತಿಳಿಯದೆ ಇಸ್ಪೀಟು ಆಡಿದರು.

ಹೊತ್ತು ಕಳೆಯಬೇಕಲ್ಲ, ಅದಕ್ಕೆ ಸಮೃದ್ಧಿ ಪಾಠದ ಪ್ರಕಾರ ಗಂಡನನ್ನೂ ಬೇರೆ ಕೂರಿಸಿ ಫಾರ್ಮು ತುಂಬಿಸಿದಳು. ನಿಮ್ಮ ಹೆಂಡತಿ ದಿನಕ್ಕೆ ಎಷ್ಟು ತಾಸು ದುಡಿಯುತ್ತಾರೆ? ಸತ್ಯಪ್ಪ, ಅವಳು ಮನೆಯಲ್ಲೇ ಇರುತ್ತಾಳಲ್ಲ ಎಂದ. ಅವರು ಯಾವ ದಾರಿಯಲ್ಲಿ ಹೋಗಲು ಅಂಜುತ್ತಾರೆ? ಅವಳಿಗೆಲ್ಲಿಯ ಅಂಜಿಕೆ, ಅವಳನ್ನು ಕಂಡರೆ ನಾಯಿಗಳೇ ಅಂಜುತ್ತವೆ ಎಂದ. ಅವರಿಗೆ ಏನು ಬೇಕು? ಸತ್ಯಪ್ಪ ಮೀಸೆ ಸವರಿದ, ಆಕಾಶ ನೋಡಿದ, ಬಿಲ್ಲೆ ತಿರುವಿದ. ಸಮೃದ್ಧಿ ಕೇಳಿ ಸುಮ್ಮನೆ ಕೂತಿದ್ದಳು. ಕೊನೆಗೆ ಅವನು, ಅದನ್ನು ಆ ಸೋಮಲಿಂಗನಿಗೆ ಕೇಳಬೇಕಿತ್ತು ಎಂದು ಗೊಣಗಿದ. ಅವಳು ಅದನ್ನೂ ಬರೆದುಕೊಂಡಳು.

ಮರಳಿ ಬರುವಾಗ ವ್ಯಾನಿನಲ್ಲಿ ಹನ್ನೆರಡು ಹೆಂಗಸರ ನಡುವೆ ಅವನೊಬ್ಬನೇ ಗಂಡಸು. ಸಾತವ್ವ ಆ ದಿನ ಹಿಡಿದಿಟ್ಟ ಮಾತನ್ನೆಲ್ಲ ಖಾನಾಪುರದವರೆಗೆ ತೀರಿಸಿಕೊಂಡಳು. ಸತ್ಯಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ರೇಣವ್ವನಿಗೆ ಒಂದೇ ಚಿಂತೆ. ಪಾತ್ರವೇನೋ ಉಳಿಯಿತು, ಇನ್ನು ಮನೆಗೆ ಹೋದ ಕೂಡಲೇ ಇವನೇ ವ್ಯಾನು ಬಂದ್ ಮಾಡುತ್ತಾನೆ.

ಅವಳು ಒಲೆ ಹಚ್ಚುವಾಗ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ನಿನಗ ಏನ್ ಬೇಕು?” ಎಂದ.

ರೇಣವ್ವ ತಿರುಗಿ ನೋಡಿದಳು. “ಹಂಗ ನಿಂತ ಕೇಳಬಾರದ್ರಿ. ಕುಂತ ಕೇಳಬೇಕು.”

ಸತ್ಯಪ್ಪ ಹೊಸ್ತಿಲ ಈಚೆಗೆ ಬಂದು ನೆಲದ ಮೇಲೆ ಕೂತ. ಮತ್ತೆ ಕೇಳಿದ. ರೇಣವ್ವನ ಕೈಯಲ್ಲಿ ಹಿಟ್ಟಿತ್ತು. ಸುಟ್ಟ ಮನೆಯವಳಿಗೆ ಏನು ಬೇಕು, ಓಡಿಬಂದವಳಿಗೆ ಏನು ಬೇಕು ಎಲ್ಲವೂ ಅವಳಿಗೆ ಗೊತ್ತಿತ್ತು. ಅವಳಿಗೆ ದುಃಖ ಉಕ್ಕಿ ಬಂತು, ಅದರ ಹಿಂದೆಯೇ ನಗುವೂ ಬಂತು.

“ಇದರ ಉತ್ತರಾ ನನಗ ಯಾರೂ ಬರದ ಕೊಟ್ಟಿಲ್ಲರಿ,” ಎಂದಳು. “ವಿಚಾರ ಮಾಡಿ ಹೇಳತೇನಿ.”

ಸರಿ ಎಂದ ಸತ್ಯಪ್ಪ. ವ್ಯಾನಿನ ಮಾತು ಎತ್ತಲಿಲ್ಲ.

ಮುಂದಿನ ವಾರ ಟಗರಿನ ವ್ಯಾಪಾರಿ ಬಂದ. ಇಬ್ಬರೂ ಟವೆಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಇನ್ನೇನು ಕುದುರಿತು ಎನ್ನುವಾಗ ಸತ್ಯಪ್ಪ ಕೈ ಹಿಂದಕ್ಕೆ ಎಳೆದುಕೊಂಡು, ತಡಿ, ಒಳಗ ಕೇಳಿ ಬರತೇನಿ ಎಂದು ಎದ್ದ. ಮೂವತ್ತು ವರ್ಷದ ವ್ಯಾಪಾರದಲ್ಲಿ ವ್ಯಾಪಾರಿ ಇದನ್ನು ಕಂಡಿರಲಿಲ್ಲ. ಒಳಗೆ ಯಾರೋ ಜೋಯಿಸರು ಬಂದಿರಬೇಕು ಎಂದುಕೊಂಡ. ಒಳಗೆ ರೇಣವ್ವ ಒಂದು ಗಳಿಗೆ ಯೋಚಿಸಿ ಬೇಡ ಎಂದಳು. ವ್ಯಾಪಾರಿ ಬರಿಗೈಯಲ್ಲಿ ಹೋದ. ಟಗರು ಈಗಲೂ ಇದೆ, ಯಾರ ಕಾಲನ್ನಾದರೂ ತುಳಿಯುತ್ತಲೇ ಇರುತ್ತದೆ.

ಆರು ತಿಂಗಳಿಗೆ ಹದಿಮೂರನೆಯ ಬ್ಯಾಚು ಬಂತು. ವ್ಯಾನು ಹತ್ತುವಾಗ ಸತ್ಯಪ್ಪ ಗುಡಿಯವರೆಗೆ ಬಂದು, ಆ ಸೋಮಲಿಂಗನನ್ನು ಮಾತ್ರ ಬಿಡಬೇಡ, ಚೆನ್ನಾಗಿ ಸಾಯಿಸು ಎಂದು ಹೇಳಿ ಕಳಿಸಿದ. ಹೊಸ ಹುಲ್ಲು ತುಂಬಿದ ಹೆಣದ ಮುಂದೆ ರೇಣವ್ವ ಕೂತಳು, ಸೆರಗು ಮುಖಕ್ಕೆ ಹಿಡಿದಳು, ಆದರೆ ಕಣ್ಣಲ್ಲಿ ಒಂದು ಹನಿ ಬರಲೊಲ್ಲದು. ನಾಗರತ್ನಾ ಮೇಡಂ ಗಾಬರಿಯಾಗಿ ಹತ್ತಿರ ಬಂದು, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು.

“ಆರಾಮ ಅದೀನ್ರಿ ಮೇಡಂ,” ಎಂದಳು ರೇಣವ್ವ. “ಯಾಕೋ ಇಂವ ಸತ್ತದ್ದಕ್ಕ ಈಗ ಮೊದಲಿನಷ್ಟು ದುಃಖ ಆಗವಲ್ದರಿ.”